ಅಳಿವೆಯ ಕೆಸರು, ವಲಸೆ ಹಕ್ಕಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕಾಸರಗೋಡು ಕರಾವಳಿಯಲ್ಲಿ ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಚಿತ್ತಾರಿ, ನೀಲೇಶ್ವರ ಹೀಗೆ ಹೊಳೆಯ ಮೇಲೆ ಹೊಳೆ ಕಡಲು ಸೇರುತ್ತದೆ. ಪ್ರತಿ ಅಳಿವೆಯ ಒಳಮಗ್ಗುಲಲ್ಲೂ ಕೆಸರು ದಿಣ್ಣೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಉಪ್ಪುನೀರು ನುಗ್ಗುವ ಬೈಲು ಇದ್ದೇ ಇದೆ. ಸೋಣ ತಿಂಗಳಿನಿಂದ (ಆಗಸ್ಟ್–ಸೆಪ್ಟೆಂಬರ್) ಪಗ್ಗು ತಿಂಗಳವರೆಗೆ (ಏಪ್ರಿಲ್–ಮೇ) ದೂರದ ಹಕ್ಕಿಗಳು ಉಣ್ಣುವುದು ಇಲ್ಲೇ. ಈ ಜಾಗಗಳನ್ನು ಉಳಿಸಿಕೊಳ್ಳುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ನಮ್ಮ ಶಾಲೆಯ ಪರಿಸರ ಕ್ಲಬ್‌ಗೆ 2,000 ಕಾಂಡ್ಲಾ ಸಸಿ ಸಿಗುವುದಿದೆ. ಶಿರಿಯ ಅಳಿವೆಯಲ್ಲಿ ಇಳಿತದ ಹೊತ್ತು ದೊಡ್ಡ ಕೆಸರು ಬಯಲು ತೆರೆದುಕೊಳ್ಳುತ್ತದೆ, ಅಲ್ಲಿ ಏನೂ ಬೆಳೆದಿಲ್ಲ. ಅಲ್ಲಿ ನೆಟ್ಟರೆ ಹಕ್ಕಿಗಳಿಗೂ ಅನುಕೂಲವಾಗುತ್ತದಲ್ಲವೆ? — ಅಧ್ಯಾಪಕಿ, ಕುಂಬಳೆ

ಆ ಕೆಸರು ಬಯಲಿನಲ್ಲಿ ದಯವಿಟ್ಟು ನೆಡಬೇಡಿ. ಕಣ್ಣಿಗೆ ಬರಿದಾಗಿ ಕಾಣುವ ಆ ಕೆಸರಿನ ಮೊದಲ ಕೆಲವು ಇಂಚಿನೊಳಗೆ ಹುಳು, ಏಡಿಮರಿ, ಮರುವಾಯಿ, ಸಣ್ಣ ಸಿಗಡಿ ತುಂಬಿರುತ್ತವೆ. ಪ್ಲವರ್‌ಗಳು ಮೇಲ್ಮೈಯಲ್ಲಿ ಅಲುಗಾಡುವುದನ್ನು ಕಣ್ಣಲ್ಲಿ ನೋಡಿ ಹೆಕ್ಕುತ್ತವೆ. ಸ್ಯಾಂಡ್‌ಪೈಪರ್‌ಗಳು ಕೊಕ್ಕನ್ನು ಚುಚ್ಚಿ ಚುಚ್ಚಿ ಒಳಗಿನದನ್ನು ಎಳೆಯುತ್ತವೆ. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್ ಏಡಿಯ ಬಿಲಕ್ಕೇ ಕೈಹಾಕುತ್ತದೆ. ಒಂದೇ ಕೆಸರಿನಲ್ಲಿ ಇಷ್ಟು ಬಗೆಯ ಹಕ್ಕಿ ಜಗಳವಿಲ್ಲದೆ ಉಣ್ಣುವುದು ಕೊಕ್ಕಿನ ಉದ್ದ ಬೇರೆ ಬೇರೆ ಇರುವುದರಿಂದ. ಕಾಂಡ್ಲಾ ಬೆಳೆದು ಬೇರು ಹೆಣೆದುಕೊಂಡರೆ ಅಲ್ಲಿ ಕೊಕ್ಕು ಇಳಿಯುವುದಿಲ್ಲ, ಮೇಲಿನಿಂದ ಎರಗುವ ಗಿಡುಗ ದೂರದಿಂದ ಕಾಣುವುದೂ ಇಲ್ಲ. ಪ್ಲವರ್ ಮತ್ತು ಸಣ್ಣ ಸ್ಯಾಂಡ್‌ಪೈಪರ್‌ಗಳು ಅಂಥ ಜಾಗವನ್ನು ಬಿಟ್ಟೇ ಹೋಗುತ್ತವೆ.

ಸಸಿಯ ಮಟ್ಟಿಗೂ ಅದು ಸರಿಯಾದ ಜಾಗವಲ್ಲ. ಕಾಂಡ್ಲಾ ಸಹಜವಾಗಿ ಬೆಳೆಯುವುದು ಸರಾಸರಿ ಸಮುದ್ರಮಟ್ಟದಿಂದ ಮೇಲೆ, ಹುಣ್ಣಿಮೆ–ಅಮಾವಾಸ್ಯೆಯ ದೊಡ್ಡ ಉಬ್ಬರ ಮುಟ್ಟುವ ಗೆರೆಯ ತನಕ. ಅದಕ್ಕಿಂತ ಕೆಳಗೆ ಸಸಿ ದಿನದ ಬಹುಪಾಲು ನೀರೊಳಗೇ ಇರುತ್ತದೆ. ಬೇರಿಗೆ ಉಸಿರು ಸಿಗದೆ ಎಲೆ ಹಳದಿಯಾಗುತ್ತದೆ. ಬಾರ್ನಕಲ್ ಎಂಬ ಬಿಳಿ ಚಿಪ್ಪಿನ ಜೀವಿ ಕಾಂಡದ ಸುತ್ತ ಕವಿದು ಭಾರಕ್ಕೆ ಸಸಿ ಮಲಗಿಬಿಡುತ್ತದೆ. ಸಾವಿರಗಟ್ಟಲೆ ನೆಟ್ಟು ವರ್ಷದ ನಂತರ ಬರೀ ಕಡ್ಡಿ ಉಳಿಯುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಹಾಗಾದರೆ ಎಲ್ಲಿ ನೆಡಬೇಕು? ಅದೇ ದಡದಲ್ಲಿ ತಾನಾಗಿ ಬೆಳೆದ ಕಾಂಡ್ಲಾ ಇದ್ದರೆ ಅದರ ಅತ್ಯಂತ ಕೆಳಗಿನ ಗಿಡ ಎಲ್ಲಿದೆ ನೋಡಿ, ಅಲ್ಲೊಂದು ಗೂಟ ಹೊಡೆದು ನೀರಿನ ಮಟ್ಟಕ್ಕೆ ಬಣ್ಣದ ಗುರುತು ಹಾಕಿ. ಅದೇ ಮಟ್ಟವನ್ನು ಉದ್ದಕ್ಕೂ ಹಿಡಿಯಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಆ ಗೆರೆಗಿಂತ ಕೆಳಗೆ ಒಂದು ಸಸಿಯೂ ಬೇಡ. ಕೊರೆತಕ್ಕೆ ಸಿಕ್ಕಿದ ಹೊಳೆದಂಡೆ, ಹಿಂದೆ ಕಾಂಡ್ಲಾ ಕಡಿದ ಜಾಗ, ಗದ್ದೆ ಬದುವಿನ ಹೊರಮೈ, ಇವೇ ಸೂಕ್ತ ಸ್ಥಳಗಳು. ಮೊದಲೊಮ್ಮೆ ಕಾಂಡ್ಲಾ ಇದ್ದು ಈಗ ಇಲ್ಲ ಎಂದಾದರೆ ನೆಡುವ ಮುಂಚೆ ಏಕೆ ಹೋಯಿತೆಂದು ಹುಡುಕಿ. ರಸ್ತೆ ಕಟ್ಟುವಾಗ ಮೋರಿ ಮುಚ್ಚಿ ಉಬ್ಬರದ ನೀರು ನಿಂತುಹೋಗಿದ್ದರೆ ಆ ಮೋರಿ ಬಿಡಿಸುವುದೇ ಮೊದಲ ಕೆಲಸ. ನೀರಿನ ಓಡಾಟ ಸರಿಯಾದರೆ ಬೀಜ ತೇಲಿ ಬಂದು ತಾನೇ ನಿಲ್ಲುತ್ತದೆ, ಎಷ್ಟೋ ಕಡೆ ನೆಡುವ ಅಗತ್ಯವೇ ಬೀಳುವುದಿಲ್ಲ.

ನೆಡುವ ಲೆಕ್ಕ ಹೀಗೆ. ಒಂದೂವರೆ ಮೀಟರ್ ಅಂತರದಲ್ಲಿ ಒಂದು ಸಸಿಗೆ 2.25 ಚದರ ಮೀಟರ್ ಬೇಕು. 2,000 ಸಸಿಗೆ 4,500 ಚದರ ಮೀಟರ್, ಅಂದರೆ ಸುಮಾರು 111 ಸೆಂಟ್ಸ್. ಸರಿಯಾದ ಮಟ್ಟದಲ್ಲಿ ಅಷ್ಟು ಜಾಗ ನಿಮ್ಮಲ್ಲಿ ಇಲ್ಲದಿದ್ದರೆ ಸಸಿಯ ಸಂಖ್ಯೆ ಇಳಿಸಿ, ಉಳಿದದ್ದನ್ನು ಕೆಸರಿಗೆ ತುರುಕಬೇಡಿ. ಕೋಲಿನಂಥ ಉದ್ದ ಬೀಜದ ಕಾಂಡ್ಲಾವನ್ನು ನೇರವಾಗಿಯೇ ಊರಬಹುದು. ಬೀಜದ ತುದಿಯಲ್ಲಿ, ಕಾಯಿಗೆ ಅಂಟಿದ ಕಡೆ ಹಳದಿ ಬಳೆ ಮೂಡಿ, ಸ್ವಲ್ಪ ತಿರುಚಿದರೆ ಕಳಚಿಕೊಂಡರೆ ಬಲಿತಿದೆ ಎಂದರ್ಥ. ಕಾಯಿಯಿಂದ ಕಳಚಿದ ತುದಿ ಮೇಲಕ್ಕೆ ಇರಬೇಕು, ಮೊಳಕೆ ಬರುವುದು ಅಲ್ಲಿಂದ. ಮಕ್ಕಳು ತಲೆಕೆಳಗಾಗಿ ಊರುವುದು ತುಂಬ ಸಾಮಾನ್ಯ, ಆದ್ದರಿಂದ ಮೊದಲೇ ಒಂದನ್ನು ಕೈಯಲ್ಲಿ ಹಿಡಿದು ತೋರಿಸಿ. ಉದ್ದದ ಕಾಲು ಭಾಗದಿಂದ ಮೂರನೆಯ ಒಂದು ಭಾಗ ಒಳಗಿದ್ದರೆ ಸಾಕು. ತೊಟ್ಟೆಯಲ್ಲಿ ಬೆಳೆಸಿದ ಸಸಿಯಾದರೆ ಪ್ಲಾಸ್ಟಿಕ್ ಬಿಚ್ಚಿ ನೆಟ್ಟು, ಖಾಲಿ ತೊಟ್ಟೆಗಳನ್ನು ಎಣಿಸಿ ವಾಪಸ್ ತನ್ನಿ. ದನ ಬರುವ ದಂಡೆಯಾದರೆ ಮೊದಲ ಎರಡು ವರ್ಷ ಬೇಲಿ ಬೇಕು.

ಕಣ್ಣೂರಿನ ಪಳಯಂಗಾಡಿಯಲ್ಲಿ ದಶಕಗಳ ಕಾಲ ಕಾಂಡ್ಲಾ ನೆಟ್ಟ ಕಲ್ಲೇನ್ ಪೊಕ್ಕುಡನ್ ಅವರ ಕೆಲಸ ನಮ್ಮ ಜಿಲ್ಲೆಯ ಮಕ್ಕಳಿಗೂ ತಿಳಿದಿರಲಿ. ಕಾಂಡ್ಲಾ ಬೇಕೇ ಬೇಕು. ಅದರ ಮುಂದಿನ ಬೋಳು ಕೆಸರೂ ಅಷ್ಟೇ ಬೇಕು.

ಒಂದು ದಿನ ಬೆಳಿಗ್ಗೆ ಎಂಟಕ್ಕೆ ಹೋದರೆ ನೂರಾರು ಹಕ್ಕಿ, ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಹೋದರೆ ಒಂದೂ ಇಲ್ಲ. ಹಕ್ಕಿ ಬಿಟ್ಟು ಹೋಗುತ್ತಿವೆಯೆ? ಎಣಿಸುವುದು ಹೇಗೆ? — ಕಾಲೇಜು ವಿದ್ಯಾರ್ಥಿ, ಕಾಸರಗೋಡು

ನಿಮ್ಮ ಗಡಿಯಾರ ಅದೇ, ಕಡಲಿನ ಗಡಿಯಾರ ಬೇರೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಾಲ್ಕು ದಿನದಲ್ಲಿ ಮೂರು ಗಂಟೆಗೂ ಹೆಚ್ಚು ವ್ಯತ್ಯಾಸ. ಮೊದಲ ದಿನ ಕೆಸರು ತೆರೆದಿತ್ತು, ನಾಲ್ಕನೆಯ ದಿನ ಅದರ ಮೇಲೆ ನೀರಿತ್ತು.

ಇಳಿತದಲ್ಲಿ ಹಕ್ಕಿಗಳು ಮೇಯಲು ಚದುರಿರುತ್ತವೆ. ಉಬ್ಬರ ಏರಿದಂತೆ ಎಲ್ಲವೂ ಒಂದೆರಡು ಎತ್ತರದ ಮರಳ ದಿಣ್ಣೆ, ಕುದ್ರು (ಹೊಳೆ ನಡುವಿನ ದ್ವೀಪ), ಒಣಗಿದ ಗದ್ದೆಗೆ ಬಂದು ಒತ್ತಾಗಿ ಕೂರುತ್ತವೆ. ಎಣಿಕೆಗೆ ಒಳ್ಳೆಯ ಸಮಯ ಅದೇ, ಪೂರ್ಣ ಉಬ್ಬರಕ್ಕೆ ಒಂದು ಗಂಟೆ ಮುಂಚಿನಿಂದ ಒಂದು ಗಂಟೆ ನಂತರದವರೆಗೆ. ಮಂಗಳೂರಿನ ಉಬ್ಬರ–ಇಳಿತದ ಪಟ್ಟಿ ನೋಡಿಕೊಂಡು ಹೊರಡಿ. ಆದರೆ ಅಳಿವೆಯ ಒಳಭಾಗಕ್ಕೆ ನೀರು ತಡವಾಗಿ ತಲುಪುತ್ತದೆ, ಎಷ್ಟು ತಡ ಎಂಬುದನ್ನು ನಿಮ್ಮದೇ ಗೂಟ ಹೊಡೆದು ಎರಡು ಮೂರು ದಿನ ನೋಡಿ ಬರೆದಿಟ್ಟುಕೊಳ್ಳಿ.

ಹಿಂಡು ದೊಡ್ಡದಿದ್ದರೆ ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಲ್ಲಿ ಅಳೆದು, ಅಂಥ ತುಂಡುಗಳನ್ನು ಎಣಿಸಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಆಮೇಲೆ ಹೋಲಿಸಿದರೆ ತಪ್ಪು ತಿಳಿಯುತ್ತದೆ. ಜಾತಿ ಗೊತ್ತಾಗದಿದ್ದರೆ ಊಹಿಸಿ ಬರೆಯಬೇಡಿ, ‘ಸಣ್ಣ ಗೊರವ, ಜಾತಿ ತಿಳಿಯದು’ ಎಂದು ಬರೆದರೆ ಅದೂ ಪ್ರಯೋಜನದ ಮಾಹಿತಿ (ಕೆಸರಿನಲ್ಲಿ ನಡೆದು ಮೇಯುವ ಈ ಹಕ್ಕಿಗಳನ್ನೆಲ್ಲ ಸೇರಿಸಿ ಗೊರವ ಎನ್ನುತ್ತೇವೆ). ಮೊದಲಿಗೆ ಗುಂಪು ಗುರುತಿಸಿ. ಓಡಿ, ತಟ್ಟನೆ ನಿಂತು, ಒಮ್ಮೆ ಹೆಕ್ಕಿ ಮತ್ತೆ ಓಡುವುದು ಪ್ಲವರ್. ನಿಲ್ಲದೆ ನಡೆಯುತ್ತ ಕೊಕ್ಕು ಚುಚ್ಚುತ್ತಲೇ ಇರುವುದು ಸ್ಯಾಂಡ್‌ಪೈಪರ್. ಕತ್ತಿನ ಸುತ್ತ ಬಿಳಿ ಪಟ್ಟಿಯಿರುವ ಪುಟ್ಟದ್ದು ಕೆಂಟಿಷ್ ಪ್ಲವರ್. ಅದಕ್ಕಿಂತ ಸ್ವಲ್ಪ ದೊಡ್ಡದು, ಹಿಂಗತ್ತಿನಲ್ಲಿ ಬಿಳಿ ಇಲ್ಲದ್ದು ಸ್ಯಾಂಡ್ ಪ್ಲವರ್. ಹಾರುವಾಗ ರೆಕ್ಕೆಯ ಕಂಕುಳಲ್ಲಿ ಕಪ್ಪು ಮಚ್ಚೆ ಕಂಡರೆ ಗ್ರೇ ಪ್ಲವರ್. ಈ ಗ್ರೇ ಪ್ಲವರನ್ನೂ ಕರ್ಲ್ಯೂ ಸ್ಯಾಂಡ್‌ಪೈಪರನ್ನೂ ಅಪಾಯದ ಅಂಚಿಗೆ ಸರಿಯುತ್ತಿರುವ ಹಕ್ಕಿಗಳೆಂದು 2024ರಲ್ಲಿ ಜಾಗತಿಕ ಕೆಂಪು ಪಟ್ಟಿಯಲ್ಲಿ ಮೇಲಿನ ದರ್ಜೆಗೆ ಏರಿಸಿದ್ದಾರೆ. ಹಾಗಾಗಿ ಅವೆರಡನ್ನು ಕಂಡರೆ ಸಂಖ್ಯೆ ಸರಿಯಾಗಿ ಬರೆಯಿರಿ.

ಹಕ್ಕಿ ಹೆಚ್ಚಿದ ದಿನದ ಲೆಕ್ಕ ಮಾತ್ರ ಕಳಿಸುವ ಅಭ್ಯಾಸ ಬೇಡ. ಸೊನ್ನೆ ಬಂದ ದಿನವನ್ನೂ ನಮೂದಿಸದಿದ್ದರೆ ಇಳಿಕೆ ಯಾವತ್ತೂ ಕಾಣುವುದಿಲ್ಲ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯನ್ ಜಲಪಕ್ಷಿ ಗಣತಿಗೆ ನಿಮ್ಮ ಅಳಿವೆಯನ್ನೂ ಸೇರಿಸಿ. ಉಳಿದ ತಿಂಗಳ ಎಣಿಕೆಯನ್ನು ಇ–ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕಿ. ಮುಂದೊಂದು ದಿನ ಜೆಟ್ಟಿ ಅಥವಾ ಒಡ್ಡು ಕಟ್ಟುವ ಮಾತು ಬಂದಾಗ ‘ಇಲ್ಲಿ ಹಕ್ಕಿ ಇತ್ತು’ ಎಂದು ತೋರಿಸಲು ಇದೇ ದಾಖಲೆ.

ನಮ್ಮ ಎರಡು ಎಕ್ರೆ ಬೈಲು ಗದ್ದೆಗೆ ಮೊಗ್ರಾಲ್ ಹೊಳೆಯ ಉಪ್ಪುನೀರು ನುಗ್ಗುತ್ತದೆ. ಬೆಳೆ ಬಿಟ್ಟು ಆರು ವರ್ಷವಾಯಿತು. ತುಂಬಿಸಿ ತೆಂಗು ಇಡಿ ಎನ್ನುತ್ತಾರೆ. ಹಕ್ಕಿಗಾಗಿ ಬಿಟ್ಟರೆ ನನಗೇನಾದರೂ ಆದಾಯ ಉಳಿಯುತ್ತದೆಯೆ? — ಕೃಷಿಕರು, ಮೊಗ್ರಾಲ್

ಉಳಿಯುತ್ತದೆ, ಮಳೆಗಾಲಕ್ಕೆ ಭತ್ತ, ಬೇಸಗೆಗೆ ಸಿಗಡಿ ಎಂದು ಎರಡನ್ನೂ ಇಟ್ಟುಕೊಂಡರೆ. ಕಣ್ಣೂರು–ಕಾಸರಗೋಡಿನ ಕೈಪಾಡು ಪದ್ಧತಿ ಇದೇ. ಕೈಪಾಡು ಅಕ್ಕಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಏಪ್ರಿಲ್‌ನಲ್ಲಿ ಗದ್ದೆಯ ಮಣ್ಣನ್ನು ಅಲ್ಲಲ್ಲಿ ಗುಪ್ಪೆ ಮಾಡಿ, ಮುಂಗಾರು ಮಳೆ ಆ ಗುಪ್ಪೆಯ ಉಪ್ಪು ತೊಳೆದ ಮೇಲೆ ಅದರ ತಲೆಯ ಮೇಲೆ ಬೀಜ ಹಾಕುತ್ತಾರೆ. ಸಸಿ ಬೆಳೆದಾಗ ಗುಪ್ಪೆ ಒಡೆದು ಹರಡುತ್ತಾರೆ. ಅಕ್ಟೋಬರ್–ನವೆಂಬರ್ ಹೊತ್ತಿಗೆ ಕೊಯ್ಲು. ಉಪ್ಪು ತಡೆಯುವ ಏಳೋಂ ತಳಿಗಳನ್ನು ಕೃಷಿ ಭವನದಲ್ಲಿ ವಿಚಾರಿಸಿ. ಗೊಬ್ಬರ, ಔಷಧಿ ಯಾವುದೂ ಇಲ್ಲಿ ಬೇಡ. ಕೊಯ್ಲಾದ ಮೇಲೆ ಉಬ್ಬರದ ಜತೆ ಬರುವ ಸಿಗಡಿ ಮರಿಯನ್ನು ತೂಬಿನ ಬಳಿ ರಾತ್ರಿ ದೀಪ ಕಟ್ಟಿ ಒಳಗೆ ಬಿಟ್ಟುಕೊಳ್ಳುತ್ತಾರೆ. ಕಳೆ, ಕೊಳೆತ ಹುಲ್ಲೇ ಅವುಗಳ ಮೇವು. ಮರಿ ಖರೀದಿಸಿ ಆಹಾರ ಹಾಕಿ ಸಾಕುವ ಯೋಜನೆಯಿದ್ದರೆ 2005ರ ಕರಾವಳಿ ಜಲಕೃಷಿ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಲೇಬೇಕು.

ಹಕ್ಕಿಗೆ ಬೇಕಾದುದು ನೀರಿನ ಎತ್ತರದಲ್ಲಿದೆ. ಸಣ್ಣ ಗೊರವಗಳಿಗೆ ಒದ್ದೆ ಕೆಸರಿನಿಂದ 4 ಸೆಂ.ಮೀ. ನೀರಿನವರೆಗೆ. ಮೆಟ್ಟುಗಾಲು ಹಕ್ಕಿ 15 ಸೆಂ.ಮೀ. ಆಳದಲ್ಲೂ ಮೇಯುತ್ತದೆ. ಅದಕ್ಕೂ ಹೆಚ್ಚಾದರೆ ನೀರುಕಾಗೆ, ಬಾತಿನಂಥವು ಮಾತ್ರ. ಈಗ ನಿಮ್ಮ ಬೈಲಿನಲ್ಲಿ ಎಲ್ಲೆಡೆ ಮೊಣಕಾಲುದ್ದ ನೀರು ನಿಂತಿದ್ದರೆ ಗೊರವ ಬರುವುದಿಲ್ಲ. ಸೊಂಟದೆತ್ತರ ಹುಲ್ಲು ಬೆಳೆದು ನಿಂತರೂ ಬರುವುದಿಲ್ಲ.

ತೂಬಿಗೆ ಕಬ್ಬಿಣದ ಒಂದೇ ಶಟರ್ ಹಾಕಿದರೆ ನೀರು ಬಿಟ್ಟರೆ ಪೂರ್ತಿ ಹೋಗುತ್ತದೆ, ಮುಚ್ಚಿದರೆ ಪೂರ್ತಿ ನಿಲ್ಲುತ್ತದೆ. ಬದಲಿಗೆ ಎರಡು ಬದಿಯ ಸೀಳಿನೊಳಗೆ ಇಳಿಸುವ ಹಲಗೆಗಳೇ ಇರಲಿ. ಕೆಳಗಿನವು 10 ಸೆಂ.ಮೀ. ಅಗಲ, ಮೇಲಿನ ನಾಲ್ಕೈದು 2ರಿಂದ 3 ಸೆಂ.ಮೀ. ಅಗಲದವು. ಹೀಗಾದರೆ ಒಂದೊಂದೇ ತೆಗೆದು ಮಟ್ಟ ಇಳಿಸಬಹುದು. ಗದ್ದೆ ನಡುವೆ ಸೆಂಟಿಮೀಟರ್ ಗುರುತಿನ ಪಿವಿಸಿ ಪೈಪು ನೆಡಿ. ಸಿಗಡಿ ಹಿಡಿದಾದ ಮೇಲೆ ದಿನಕ್ಕೆ 1ರಿಂದ 2 ಸೆಂ.ಮೀ.ನಂತೆ ಇಳಿಸಿ. ಒಂದೇ ದಿನ ಖಾಲಿ ಮಾಡಿದರೆ ಬೆಳ್ಳಕ್ಕಿಗೆ ಎರಡು ದಿನದ ಹಬ್ಬ, ಆಮೇಲೆ ಬಿಸಿಲಿಗೆ ಹುಳು ಆಳಕ್ಕಿಳಿದು ಕೆಸರು ಗಟ್ಟಿಯಾಗುತ್ತದೆ. ಎರಡು ಎಕ್ರೆಯನ್ನು ನಡುಬದು ಹಾಕಿ ಎರಡು ತುಂಡು ಮಾಡಲು ಸಾಧ್ಯವಾದರೆ ಒಂದನ್ನು ಜನವರಿಯಲ್ಲಿ, ಇನ್ನೊಂದನ್ನು ಮಾರ್ಚ್‌ನಲ್ಲಿ ಇಳಿಸಿ. ಮಾರ್ಚ್–ಏಪ್ರಿಲ್‌ನ ಕೆಸರಿಗೆ ಬೆಲೆ ಹೆಚ್ಚು. ಟಿಬೆಟ್, ಸೈಬೀರಿಯಾ ಕಡೆಗೆ ಹೊರಡುವ ಮುಂಚೆ ಗೊರವಗಳು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ದೂರದ ಹಾರಾಟಕ್ಕೆ ಹೊರಡುವ ಕೆಲವು ಜಾತಿಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬದುವಿನ ಒಳಮೈ ಗೋಡೆಯಂತೆ ನೆಟ್ಟಗಿರದೆ ಇಳಿಜಾರಾಗಿದ್ದರೆ, ಒಂದಡಿ ಇಳಿಯಲು ಎಂಟು ಹತ್ತಡಿ ಅಗಲ ಬಿಟ್ಟರೆ, ಮಟ್ಟ ಎಷ್ಟೇ ಇದ್ದರೂ ಎಲ್ಲೋ ಒಂದು ಕಡೆ ತೆಳು ನೀರು ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ತಪ್ಪಿದವರು ಗದ್ದೆಯನ್ನೇ ಕಳೆದುಕೊಂಡಿದ್ದಾರೆ. ಉಪ್ಪುನೀರಿನ ಬೈಲಿನ ಅಡಿಮಣ್ಣಿನಲ್ಲಿ ಗಂಧಕ ಕಬ್ಬಿಣದೊಂದಿಗೆ ಕೂಡಿಕೊಂಡಿರುತ್ತದೆ. ಒದ್ದೆಯಾಗಿರುವಷ್ಟು ದಿನ ಅದರಿಂದ ತೊಂದರೆಯಿಲ್ಲ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಅಷ್ಟೆ. ಗಾಳಿಗೆ ತೆರೆದು ಒಣಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಬಿರುಕಿನ ಅಂಚಿನಲ್ಲಿ ಒಣಹುಲ್ಲಿನ ಬಣ್ಣದ ಗೆರೆ, ಕಾಲುವೆಯಲ್ಲಿ ತುಕ್ಕಿನ ಕೆಂಪು ನೀರು ಕಂಡರೆ ಅದೇ ಗುರುತು. ಮೊದಲ ಮಳೆಗೆ ಆ ಆಮ್ಲ ಕೊಚ್ಚಿ ಬಂದು ಮೀನು, ಸಿಗಡಿ ಒಂದೇ ರಾತ್ರಿಯಲ್ಲಿ ತೇಲುತ್ತವೆ. ಆದ್ದರಿಂದ ಕೆಸರು ಬಿರುಕು ಬಿಡುವ ತನಕ ಒಣಗಿಸಬೇಡಿ, ತೇವ ಉಳಿದಿರುವಾಗಲೇ ಉಬ್ಬರದ ನೀರು ಮತ್ತೆ ಬಿಡಿ. ಹಿಟಾಚಿ ತಂದು ಆಳದ ಕಪ್ಪು ಮಣ್ಣನ್ನು ಎತ್ತಿ ಬದುವಿಗೆ ಹಾಕಬೇಡಿ. ಪಿಎಚ್ ಕಾಗದದಲ್ಲಿ ನೋಡಿ 4ಕ್ಕಿಂತ ಕೆಳಗೆ ಬಂದರೆ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಸುಣ್ಣ ಹಾಕಿ, ನೀರು ನಿಲ್ಲಿಸಿಡಿ.

ತುಂಬಿಸಿ ತೆಂಗು ಇಡುವ ಸಲಹೆಯನ್ನು ಕೇಳಬೇಡಿ. ಕಾನೂನು ಅದನ್ನು ಒಪ್ಪುವುದಿಲ್ಲ, ವಿವರ ಮುಂದಿನ ಉತ್ತರದಲ್ಲಿದೆ. ಸುತ್ತಲಿನ ಬಾವಿಗಳಿಗೂ ಕೇಡು, ನಿಮ್ಮ ಬೈಲಿನಲ್ಲಿ ಹರಡುತ್ತಿದ್ದ ಉಪ್ಪುನೀರು ಪಕ್ಕದವರ ಅಂಗಳಕ್ಕೆ ದಾರಿ ಮಾಡಿಕೊಳ್ಳುತ್ತದೆ.

ಹೊಳೆಬದಿಯ ತಗ್ಗಿಗೆ ರಾತ್ರಿ ಹೊತ್ತು ಟಿಪ್ಪರ್‌ನಲ್ಲಿ ಕೆಂಪುಮಣ್ಣು ಬೀಳುತ್ತಿದೆ. ಯಾರಿಗೆ ದೂರು ಕೊಡಬೇಕು? ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೆ? — ಓದುಗರು, ಉಪ್ಪಳ

ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ನಿಮಗಿದೆ.

ಮೊದಲು ಆ ಜಾಗದ ಸರ್ವೆ ನಂಬರ್ ತಿಳಿದುಕೊಳ್ಳಿ. ‘ಸೇತುವೆ ಹತ್ತಿರದ ಜಾಗ’ ಎಂದು ಬರೆದ ದೂರು ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಆಮೇಲೆ ಕೃಷಿ ಭವನಕ್ಕೆ ಹೋಗಿ ಡಾಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗುಭೂಮಿಗಳ ಸರಕಾರಿ ಪಟ್ಟಿ) ಆ ನಂಬರ್ ಗದ್ದೆ ಅಥವಾ ತಣ್ಣೀರ್ತಡ (ಜೌಗುಭೂಮಿ) ಎಂದು ದಾಖಲಾಗಿದೆಯೇ ನೋಡಿ. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಕೆಳಗೆ ಜೌಗುಭೂಮಿ ತುಂಬಿಸುವಂತಿಲ್ಲ. ಹಿನ್ನೀರು, ಅಳಿವೆ, ಕಾಂಡ್ಲಾ, ಉಪ್ಪು ಜೌಗು ಇವೆಲ್ಲ ಆ ವ್ಯಾಖ್ಯೆಯೊಳಗೆ ಬರುತ್ತವೆ. ತಪ್ಪಿಗೆ ಕನಿಷ್ಠ 6 ತಿಂಗಳಿಂದ 2 ವರ್ಷದವರೆಗೆ ಜೈಲು, 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ. ವಾಹನ, ಯಂತ್ರ ವಶಪಡಿಸಿಕೊಳ್ಳಲೂ ಮೊದಲಿದ್ದಂತೆ ಮಾಡಿಸಲೂ ಅಧಿಕಾರವಿದೆ.

ದೂರನ್ನು ವಿಲೇಜ್ ಆಫೀಸರ್ ಮತ್ತು ಕೃಷಿ ಅಧಿಕಾರಿ ಇಬ್ಬರಿಗೂ ಕೊಟ್ಟು, ಪ್ರತಿಯನ್ನು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿಗೂ ಪಂಚಾಯತ್‌ನ ಸ್ಥಳೀಯ ನಿರೀಕ್ಷಣಾ ಸಮಿತಿಗೂ ಕೊಡಿ. ಪಂಚಾಯತ್ ಅಧ್ಯಕ್ಷರು ಆ ಸಮಿತಿಯ ಮುಖ್ಯಸ್ಥರು, ಕೃಷಿ ಅಧಿಕಾರಿ ಸಂಚಾಲಕರು. ಪ್ರತಿ ಕಡೆಯೂ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ದಿನಾಂಕ, ಸ್ಥಳ ಮೂಡುವ ಫೋಟೊ ಇರಲಿ. ಒಂದೇ ಕೋನದಿಂದ ತುಂಬಿಸುವ ಮೊದಲಿನದ್ದು, ಈಗಿನದ್ದು ಎರಡೂ ಇದ್ದರೆ ಅದಕ್ಕಿಂತ ಬಲವಾದ ಸಾಕ್ಷಿಯಿಲ್ಲ. ಟಿಪ್ಪರ್ ಅಡ್ಡಗಟ್ಟಲು ರಾತ್ರಿ ನೀವೇ ಹೋಗಬೇಡಿ, ಅದು ಪೊಲೀಸರ ಕೆಲಸ, ಕರೆ ಮಾಡಿ.

ಡಾಟಾ ಬ್ಯಾಂಕಿನಲ್ಲಿ ಆ ನಂಬರ್ ಇಲ್ಲದಿದ್ದರೆ ದೂರು ಅಲ್ಲೇ ಮುಗ್ಗರಿಸುತ್ತದೆ. ಆಗ ಕರಾವಳಿ ನಿಯಂತ್ರಣ ವಲಯದ ನಕ್ಷೆ ನೋಡಿ. ಅತ್ಯಂತ ಒಣ ಕಾಲದಲ್ಲಿ ಹೊಳೆನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವ ತನಕ ಆ ವಲಯ ಒಳನಾಡಿಗೂ ಚಾಚಿರುತ್ತದೆ. ಕಾಂಡ್ಲಾ, ಜೀವಂತ ಕೆಸರು ಬಯಲು, ಹಕ್ಕಿ ಗೂಡುಕಟ್ಟುವ ಜಾಗ ಅದರಲ್ಲಿ ಅತ್ಯಂತ ಕಟ್ಟುನಿಟ್ಟಿನ ವರ್ಗ. ದೂರನ್ನು ಜಿಲ್ಲಾಧಿಕಾರಿ ಮತ್ತು ಕೇರಳ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಕಳಿಸಿ. 2017ರ ಕೇಂದ್ರ ಜೌಗುಭೂಮಿ ನಿಯಮವನ್ನಷ್ಟೇ ಹೆಸರಿಸಿದ ಅರ್ಜಿಗಳು ಬಿದ್ದುಹೋಗುವುದುಂಟು. ಗದ್ದೆ, ಹೊಳೆಯ ಹರಿವು ಮತ್ತು ಕರಾವಳಿ ವಲಯ ಆ ನಿಯಮದ ಹೊರಗಿವೆ. ತಿಂಗಳಾದರೂ ಉತ್ತರ ಬಾರದಿದ್ದರೆ ‘ನನ್ನ ದೂರಿನ ಮೇಲೆ ಏನು ಕ್ರಮವಾಯಿತು’ ಎಂದು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ, 30 ದಿನದೊಳಗೆ ಉತ್ತರಿಸಬೇಕು.

ಬೇಗ ದೂರು ಕೊಡುವುದು ತುಂಬ ಮುಖ್ಯ. ಎರಡು ಲೋಡು ಬಿದ್ದಾಗ ನಿಲ್ಲಿಸುವುದು ಸುಲಭ. ಇನ್ನೂರು ಲೋಡು ಬಿದ್ದು ಮೇಲೆ ಬಾಳೆ ನೆಟ್ಟ ನಂತರ ತೆಗೆಸುವುದು ವರ್ಷಗಟ್ಟಲೆ ಎಳೆಯುತ್ತದೆ.

ಸಿಗಡಿ ಕೆರೆಗೆ ನೀರುಕಾಗೆ ಕಾಟ. ಬಲೆ ಹಾಕಿದೆ, ಆದರೆ ವಾರಕ್ಕೊಂದು ಹಕ್ಕಿ ಸಿಕ್ಕಿ ಸಾಯುತ್ತದೆ. ನೋಡಲಾಗುವುದಿಲ್ಲ. — ಓದುಗರು, ಮಂಜೇಶ್ವರ

ತೆಳು ನೈಲಾನ್ ಬಲೆ ಹಕ್ಕಿಗೆ ಕಾಣುವುದೇ ಇಲ್ಲ, ಸಡಿಲವಾಗಿ ಜೋತಿದ್ದರೆ ಕಾಲು, ರೆಕ್ಕೆ ಸುತ್ತಿಕೊಂಡು ಒದ್ದಾಡಿದಷ್ಟೂ ಬಿಗಿಯುತ್ತದೆ. ಅದನ್ನು ಇಂದೇ ತೆಗೆಯಿರಿ. ದಪ್ಪ ನೂಲಿನ, ಕಪ್ಪು ಅಥವಾ ನೀಲಿ ಬಣ್ಣದ ಬಲೆಯನ್ನು ನೀರಿನಿಂದ ಕನಿಷ್ಠ ಒಂದು ಮೀಟರ್ ಮೇಲೆ, ತಂತಿಯ ಆಧಾರದಲ್ಲಿ ತಬಲದ ಚರ್ಮದಂತೆ ಎಳೆದು ಕಟ್ಟಿ. ಅಂಚು ನೆಲಕ್ಕೆ ಜೋತುಬೀಳಬಾರದು. ದೊಡ್ಡ ಕೆರೆಗೆ ಬಲೆಯ ಬದಲು ಒಂದೂವರೆ ಅಡಿಗೊಂದರಂತೆ ದಪ್ಪ ಹಗ್ಗ ಎಳೆದು ಬಿಳಿ ಬಟ್ಟೆ ಚೂರು ಕಟ್ಟಿದರೂ ನೀರುಕಾಗೆಗೆ ಇಳಿಯಲು, ಏರಲು ದಾರಿ ಸಿಗುವುದಿಲ್ಲ. ದಿನಕ್ಕೆ ಎರಡು ಸಲ ಸುತ್ತು ಹಾಕಿ ನೋಡಿ. ಕೆಲಸ ಮುಗಿದ ಹಳೆ ಬಲೆಯನ್ನು ಬೇಲಿಗೆ ಹಾಕುವುದು, ಹೊಳೆಗೆ ಎಸೆಯುವುದು ಬೇಡ, ಸುತ್ತಿ, ಮನೆಮನೆಯಿಂದ ತ್ಯಾಜ್ಯ ಸಂಗ್ರಹಿಸುವ ಹರಿತ ಕರ್ಮ ಸೇನೆಗೆ ಕೊಡಿ.

ನಮ್ಮ ಕ್ಲಬ್‌ನ ಹುಡುಗರು ಅಳಿವೆಯ ಹಕ್ಕಿ ಹಿಂಡಿನ ಮೇಲೆ ಡ್ರೋನ್ ಹಾರಿಸಿ ರೀಲ್ಸ್ ಮಾಡುತ್ತಾರೆ. ಹಕ್ಕಿ ಎದ್ದು ಮತ್ತೆ ಕೂರುತ್ತದೆ, ತೊಂದರೆ ಏನು? — ಓದುಗರು, ನೀಲೇಶ್ವರ

ಉಬ್ಬರದ ಮೂರು ನಾಲ್ಕು ಗಂಟೆ ಆ ಹಕ್ಕಿಗಳಿಗೆ ನಿದ್ದೆಯ ಸಮಯ. ಒಮ್ಮೆ ಎದ್ದರೆ ಹೊಟ್ಟೆಗೆ ಸೇರಿಸಿದ್ದನ್ನು ಉರಿಸುತ್ತವೆ, ತುಂಬಿಸಿಕೊಳ್ಳಲು ಇಳಿತ ಬರುವವರೆಗೆ ಕಾಯಬೇಕು. ದಿನಕ್ಕೆ ನಾಲ್ಕು ಸಲ ಎಬ್ಬಿಸಿದರೆ ಕೊಬ್ಬು ಕೂಡುವುದಿಲ್ಲ, ಕೊಬ್ಬು ಕೂಡದ ಹಕ್ಕಿ ದಾರಿಯಲ್ಲಿ ಬೀಳುತ್ತದೆ. ಕೂತ ಹಿಂಡಿನಿಂದ 100 ಮೀಟರ್ ದೂರ ಇರಿ. ತಲೆ ಎತ್ತಿ ಎಲ್ಲವೂ ಒಂದೇ ದಿಕ್ಕಿಗೆ ನಡೆಯಲು ಶುರುಮಾಡಿದರೆ ಅದೇ ಎಚ್ಚರಿಕೆ, ಅಲ್ಲೇ ನಿಂತು ಹಿಂದೆ ಸರಿಯಿರಿ. ಡ್ರೋನ್ ಬೇಡವೇ ಬೇಡ, ಹಕ್ಕಿಗೆ ಅದು ಗಿಡುಗದ ನೆರಳು. ನಾಯಿ ಇನ್ನೂ ದೊಡ್ಡ ತೊಂದರೆ. ಕೋಳಿ ಅಂಗಡಿಯ ತ್ಯಾಜ್ಯ ಅಳಿವೆಗೆ ಬೀಳುವ ಕಡೆ ನಾಯಿ ಹಿಂಡು ನೆಲೆ ಮಾಡಿಕೊಳ್ಳುತ್ತದೆ. ಕ್ಲಬ್‌ನವರು ಆ ತ್ಯಾಜ್ಯ ನಿಲ್ಲಿಸಿದರೆ ನೂರು ರೀಲ್ಸ್‌ಗಿಂತ ಹೆಚ್ಚು ಹಕ್ಕಿಗೆ ಉಪಕಾರ.

ಆಟಿ ತಿಂಗಳ ಗಾಳಿಮಳೆಗೆ ಕಡಲತೀರದಲ್ಲಿ ದೊಡ್ಡ ಹಕ್ಕಿಯೊಂದು ಏಳಲಾಗದೆ ಬಿದ್ದಿತ್ತು. ಮೀನು ಬಾಯಿಗಿಟ್ಟರೂ ತಿನ್ನಲಿಲ್ಲ, ಸತ್ತಿತು. ಏನು ಮಾಡಬೇಕಿತ್ತು? — ಗೃಹಿಣಿ, ಕಾಞಂಗಾಡ್

ನಡುಗಡಲಿನಲ್ಲೇ ಬದುಕುವ ಹಕ್ಕಿಗಳು ಮುಂಗಾರಿನ ಗಾಳಿಗೆ ಸೋತು ದಡಕ್ಕೆ ಬೀಳುತ್ತವೆ. ಆಗ ತಿನ್ನಿಸಲು, ಬಾಯಿಗೆ ನೀರು ಹೊಯ್ಯಲು ಹೋಗಬಾರದು, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಮತ್ತೆ ಕಡಲಿಗೆ ಎಸೆಯಲೂಬಾರದು. ಟವೆಲು ಮುಚ್ಚಿ ಮೆಲ್ಲನೆ ಎತ್ತಿ, ಚೂಪು ಕೊಕ್ಕು ನಿಮ್ಮ ಕಣ್ಣಿನಿಂದ ದೂರ ಇರಲಿ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯ ತಳಕ್ಕೆ ಜಾರದ ಬಟ್ಟೆ ಹಾಸಿ, ಕತ್ತಲಾದ, ಸದ್ದಿಲ್ಲದ ಕೋಣೆಯಲ್ಲಿಡಿ. ನೋಡಲು ಮತ್ತೆ ಮತ್ತೆ ತೆರೆಯಬೇಡಿ. ಉದ್ದಗಾಲಿನ ಹಕ್ಕಿಗಳಿಗೆ ಹಿಡಿದ ಗಾಬರಿಯಿಂದಲೇ ಕಾಲಿನ ಸ್ನಾಯು ಕೆಟ್ಟು ನಿಲ್ಲಲಾಗದ ಸ್ಥಿತಿ ಬರುತ್ತದೆ, ಆದ್ದರಿಂದ ಹಿಡಿದುಕೊಳ್ಳುವ ಹೊತ್ತು ಕಡಿಮೆಯಿರಲಿ. ತಕ್ಷಣ ಅರಣ್ಯ ಇಲಾಖೆಗೆ ತಿಳಿಸಿ. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ.

ಒಂದೇ ಕಡೆ ಹಲವು ಹಕ್ಕಿ ಸತ್ತಿದ್ದರೆ ಮಾತ್ರ ಮುಟ್ಟಲೇಬೇಡಿ. ಹಕ್ಕಿಜ್ವರವೋ ವಿಷವೋ ಎಂದು ನೋಡಲು ಪಶು ಆಸ್ಪತ್ರೆಗೆ ತಿಳಿಸಿ, ಮನೆಯ ಕೋಳಿ, ಬಾತುಗಳನ್ನು ಕೆಲವು ದಿನ ಹೊಳೆಬದಿಗೆ ಬಿಡಬೇಡಿ.

ಮೀನಿನ ಬಲೆಗೆ ಸಿಕ್ಕಿದ ಗೊರವದ ಕಾಲಲ್ಲಿ ಲೋಹದ ಉಂಗುರ, ಬಣ್ಣದ ಚೀಟಿ ಇತ್ತು. ಬಿಡಿಸಿ ಹಾರಿಸಿದೆವು. — ಓದುಗರು, ತೃಕ್ಕರಿಪುರ

ಹಾರಿಸಿದ್ದು ಒಳ್ಳೆಯದಾಯಿತು. ಇನ್ನೊಮ್ಮೆ ಸಿಕ್ಕರೆ ಬಿಡುವ ಮೊದಲು ಎರಡು ಕಾಲಿನ ಫೋಟೊ ತೆಗೆಯಿರಿ. ಬೇಕಾದುದು ಇಷ್ಟು: ಚೀಟಿಯ ಬಣ್ಣ ಮೇಲಿನಿಂದ ಕೆಳಕ್ಕೆ ಯಾವ ಕ್ರಮದಲ್ಲಿದೆ, ಹಕ್ಕಿಯ ಎಡಗಾಲೋ ಬಲಗಾಲೋ, ಮಂಡಿಯ ಮೇಲೋ ಕೆಳಗೋ, ಅದರಲ್ಲಿ ಬರೆದ ಅಕ್ಷರ ಮತ್ತು ಅಂಕೆ, ಲೋಹದ ಉಂಗುರದ ಪೂರ್ತಿ ಸಂಖ್ಯೆ. ಎಡ–ಬಲ ಹೇಳುವುದು ಹಕ್ಕಿಯ ದೃಷ್ಟಿಯಿಂದ, ನೋಡುವವರ ದೃಷ್ಟಿಯಿಂದಲ್ಲ. ಹೆಚ್ಚು ತಪ್ಪು ಆಗುವುದು ಇಲ್ಲೇ. ದಿನಾಂಕ, ಸ್ಥಳ ಸೇರಿಸಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಅವರು 1927ರಿಂದ ಹಕ್ಕಿಗೆ ಉಂಗುರ ತೊಡಿಸುತ್ತಿದ್ದಾರೆ, ಬೇರೆ ದೇಶದ ಉಂಗುರವಾದರೂ ಅಲ್ಲಿಗೆ ತಲುಪಿಸುತ್ತಾರೆ. ಈಗ ನಿಮ್ಮ ಬಳಿ ಫೋಟೊ ಇಲ್ಲದಿದ್ದರೂ ಚೀಟಿಯ ಬಣ್ಣ ನೆನಪಿದ್ದರೆ ಬರೆದು ಕಳಿಸಿ. ಬದುಕಿರುವ ಹಕ್ಕಿಯ ಕಾಲಿನಿಂದ ಉಂಗುರವನ್ನು ಬಿಚ್ಚಲು ಎಳೆಯಬೇಡಿ, ಆ ಕಾಲು ಮುರಿಯುತ್ತದೆ.